ಬೆಳಗಿನ ಮೊದಲ ಬಾಟಲಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಬಾಗಿಲು ತಟ್ಟಿ, ದನಿ ತಗ್ಗಿಸಿ, "ನಾನಮ್ಮಾ" ಎನ್ನುತ್ತಾರೆ ಬಾಟಲಿ ಅಕ್ಕ. ಮನೆಮನೆಯವರೂ ಅವರನ್ನು ಕರೆಯುವುದು ಹಾಗೆಯೇ. ಒಳಗಿನಿಂದ ಬಂದ ಪುಟ್ಟ ಬಾಟಲಿಯಲ್ಲಿರುವುದು ರೋಗಿಯ ಬೆಳಗಿನ ಮೊದಲ ಮೂತ್ರ. ನಾವು ನೀವು ಮುಖ ಸಿಂಡರಿಸುವ ಅದನ್ನು ಅಕ್ಕ ಅಂಗೈ ತುಂಬ ಹಿಡಿದು, ಚೀಟಿ ಅಂಟಿಸಿ, ಹೆಗಲಿನ ಐಸ್ ಪೆಟ್ಟಿಗೆಗೆ ಸೇರಿಸುತ್ತಾರೆ. ಬಿಸಿಲೇರುವ ಮೊದಲು ಇಂಥ ಹನ್ನೆರಡು ಬಾಗಿಲು ತಟ್ಟಬೇಕು.

ಈ ಮನೆಗಳನ್ನು ಹೊಕ್ಕಿರುವುದು ಲೂಪಸ್. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ. ಸದ್ದಿಲ್ಲದೆ ಕಿಡ್ನಿಗೂ ಕೈಹಾಕುತ್ತದೆ. ಕಾಲು ಊದುವ ಹೊತ್ತಿಗೆ ಎಷ್ಟೋ ಸಲ ತಡವಾಗಿರುತ್ತದೆ. ಅದಕ್ಕೂ ಮೊದಲೇ ಸುಳಿವು ಸಿಗಲೆಂದು ಆಸ್ಪತ್ರೆಯ ಪ್ರಯೋಗಾಲಯ ಮೂತ್ರದಲ್ಲಿ ಸೋರಿಬರುವ ಪ್ರೋಟೀನ್‌ಗಳನ್ನು ತಿಂಗಳು ತಿಂಗಳೂ ಅಳೆಯುತ್ತದೆ.

ದುಡಿಯುತ್ತಿದ್ದ ಬಟ್ಟೆ ಅಂಗಡಿ ಮುಚ್ಚಿದಾಗ ಅಕ್ಕನಿಗೆ ಸಿಕ್ಕಿದ್ದು, ಬಾಟಲಿಗಳನ್ನು ಅಲ್ಲಿಗೆ ಮುಟ್ಟಿಸುವ ಈ ಕೆಲಸ. ಅತ್ತೆ ಮೊದಮೊದಲು ಮೂಗು ಮುರಿದಿದ್ದರು. "ಈಗ ಅವರೇ ಐಸ್ ತುಂಬಿ ಕೊಡ್ತಾರೆ. ತಡ ಆದ್ರೆ ಬೈಗುಳ ನನಗೇ," ಎಂದು ಅಕ್ಕ ನಗುತ್ತಾರೆ.

ಹೋದ ವರ್ಷ ಹೊಲಿಗೆ ಕೆಲಸದ ಹುಡುಗಿಯೊಬ್ಬಳು ಕೊಟ್ಟ ಬಾಟಲಿ ಅಂಗೈಗೆ ತಣ್ಣಗೆ ತಾಗಿತು. ಆಗಷ್ಟೇ ತುಂಬಿದ್ದು ಬೆಚ್ಚಗಿರಬೇಕಲ್ಲ? ಅಕ್ಕ ಅವಳ ಮುಖ ನೋಡಿದರು. ಅವಳ ಕಣ್ಣು ತುಂಬಿತು. ಅದು ರಾತ್ರಿಯೇ ತುಂಬಿಸಿಟ್ಟ, ಕಾಯಿಲೆಯಿಲ್ಲದ ತಂಗಿಯ ಮೂತ್ರ. ಹಿಂದಿನ ಸಲ ಕಾಯಿಲೆ ಕೆರಳಿದಾಗ ನುಂಗಿದ ಮಾತ್ರೆಗಳಿಂದ ಮುಖ ಊದಿ, ಅವಳು ಕನ್ನಡಿ ನೋಡುವುದನ್ನೇ ಬಿಟ್ಟಿದ್ದಳಂತೆ. ಮತ್ತೆ ಆ ಮಾತ್ರೆಗಳ ಸಹವಾಸ ಬೇಡವೆಂದು ಈ ಆಟ ಹೂಡಿದ್ದಳು.

"ನಾನು ಬೈಲಿಲ್ಲ. ಇದನ್ನ ಚೆಲ್ಲಿಬಿಡು, ನಾಳೆ ಬರ್ತೀನಿ, ನಿಂದೇ ಕೊಡು ಅಂದೆ. ಮನೆಗೆ ಬಂದ್ರೆ ಊಟ ಸೇರಲಿಲ್ಲ. ಬಾಗಿಲು ತೆಗೀತಾಳೋ ಇಲ್ವೋ ಅಂತ ಅದೇ ಯೋಚನೆ."

ತೆಗೆದಳು. ಪರೀಕ್ಷೆಯಲ್ಲಿ ಪ್ರೋಟೀನ್ ಏರಿತ್ತು. ಬೇಗ ಗೊತ್ತಾದ್ದರಿಂದ ಈ ಸಲ ಕಡಿಮೆ ಮಾತ್ರೆಗಳೇ ಸಾಕಾದವು, ಕಿಡ್ನಿ ಉಳಿಯಿತು. "ಅಕ್ಕ ಅವತ್ತು ರೇಗಿದ್ರೆ ನಾನು ಆಸ್ಪತ್ರೆ ಕಡೆ ತಲೆನೂ ಹಾಕ್ತಿರಲಿಲ್ಲ. ಅವರ ಋಣ ತೀರಿಸೋಕಾಗಲ್ಲ," ಎನ್ನುತ್ತಾಳೆ ಹುಡುಗಿ, ಹೊಲಿಗೆ ಯಂತ್ರ ನಿಲ್ಲಿಸದೆ.

ಈ ಮಾತು ಮುಟ್ಟಿಸಿದರೆ ಅಕ್ಕನಿಗೆ ಕಸಿವಿಸಿ. "ನಂದೇನಿದೆ ಅದರಲ್ಲಿ? ನಾನು ಬಾಗಿಲು ತಟ್ಟೋಳು. ಸುಳ್ಳು ಹೇಳಿ ಸಿಕ್ಕಿಬಿದ್ದು, ಮಾರನೇ ದಿನ ಅದೇ ಮನುಷ್ಯರಿಗೆ ಬಾಗಿಲು ತೆಗೆಯೋದು ಸಣ್ಣ ವಿಷಯ ಅಲ್ಲ. ಬರೆಯೋದಾದ್ರೆ ಅವಳ ಧೈರ್ಯದ ಬಗ್ಗೆ ಬರೀರಿ."