ನಲವತ್ತು ಗಿಟುಕಿನ ಹಾರ

ಶಿಕಾರಿಪುರದ ಪೇಟೆಯಲ್ಲಿರುವ ನನ್ನ ಕೊಬ್ಬರಿ ಅಂಗಡಿಗೆ ಬಂದವರು ಯಾರೂ ನಾನು ಕೊಟ್ಟಿದ್ದನ್ನು ಎಣಿಸಿ ನೋಡುವುದಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತೇನೆ. ಕೇಳುವವರಿಗೆ ಹೊಟ್ಟೆ ಉರಿದರೆ ಉರಿಯಲಿ. ಬೆಳಗ್ಗೆ ವಿಭೂತಿ ಹಚ್ಚಿಕೊಂಡು ಗಲ್ಲಾಪೆಟ್ಟಿಗೆಯ ಮುಂದೆ ಕೂತರೆ ಮುಗಿಯಿತು, ನನ್ನ ಎಣಿಕೆಯೇ ಎಣಿಕೆ. ದೀಪಾವಳಿ ಕಳೆದು ಹೋರಿ ಬೆದರಿಸುವ ಹಬ್ಬಗಳು ಶುರುವಾದವೆಂದರೆ ನನಗೆ ಇನ್ನೊಂದು ಕಸುಬು: ಬಾಜಿ ಹಿಡಿಯುವುದು. ಕೊಬ್ಬರಿ ಹಾರ ಕಟ್ಟಿ ಬಿಟ್ಟ ಹೋರಿಗಳಲ್ಲಿ ಯಾವುದು ಜನರ ಕೈಗೆ ಸಿಗದೆ ಪಾರಾಗುತ್ತದೆ, ಯಾವುದು ಕೊಬ್ಬರಿ ಕಳೆದುಕೊಳ್ಳುತ್ತದೆ ಎಂದು ಊರೂರಿನವರು ನನ್ನ ಹತ್ತಿರ ಬಾಜಿ ಕಟ್ಟುತ್ತಾರೆ. ಚೀಟಿಯಿಲ್ಲ, ಪುಸ್ತಕವಿಲ್ಲ. ಅಂಗೈ ಮೇಲೆ ಅಂಗೈ ಬಡಿದರೆ ಆಯಿತು. ಪೊಲೀಸರು ಇದನ್ನು ಕಳ್ಳ ಕೆಲಸ ಎನ್ನುತ್ತಾರೆ. ಎನ್ನಲಿ. ಈ ಕಳ್ಳ ಕೆಲಸದಲ್ಲಿರುವಷ್ಟು ಸತ್ಯ ಎಲ್ಲೂ ಇಲ್ಲ ಎಂದು ಒಂದು ಕಾಲದಲ್ಲಿ ನಾನು ಎಲ್ಲರಿಗೂ ಹೇಳುತ್ತಿದ್ದೆ.

ಸೊರಬ ತಾಲೂಕಿನ ಉಳವಿ ಕಡೆಯ ಗೌಡರೊಬ್ಬರ ಬಳಿ ಒಂದು ಕಪ್ಪು ಹೋರಿ ಇತ್ತು. ಅಬ್ಬಬ್ಬಾ, ಏನು ಹೋರಿ ಅದು! ಅದು ಅಖಾಡಕ್ಕೆ ಇಳಿದರೆ ಎಂತೆಂಥ ಪೈಲ್ವಾನರೂ ಬೇಲಿ ಹತ್ತಿ ಕೂರುತ್ತಿದ್ದರು. ಎರಡು ವರ್ಷ ಆ ಹೋರಿಯ ಮೇಲೆ ಕಟ್ಟಿದವರೆಲ್ಲ ನನ್ನನ್ನು ಬೋಳಿಸಿದರು. ಗೌಡರು ಮಾತ್ರ ಒಂದು ಸಲವೂ ಬಾಜಿ ಕಟ್ಟಿದವರಲ್ಲ. ಹೋರಿಯ ಬೆನ್ನು ತಟ್ಟಿ, ಹಗ್ಗ ಹಿಡಿದು, ಮನೆಗೆ ನಡೆಸಿಕೊಂಡು ಹೋಗುವ ಮನುಷ್ಯ. ಆ ಸಮಾಧಾನವನ್ನೇ ನನಗೆ ಸಹಿಸಲಾಗಲಿಲ್ಲ. ಆ ಹೋರಿ ನನ್ನದಾಗಬೇಕು ಅನ್ನಿಸಿತು. ಸಾಕುವ ಆಸೆ ನನಗಿರಲಿಲ್ಲ, ಅವರ ಹತ್ತಿರ ಅದು ಇರಬಾರದು, ಅಷ್ಟೆ.

ಮೂರನೆಯ ವರ್ಷ ಹಬ್ಬಕ್ಕೆ ಎರಡು ದಿನ ಮುಂಚೆ ಅವರು ಕೊಬ್ಬರಿ ಕೊಳ್ಳಲು ಬಂದರು. ಅಂಗಡಿ ತುಂಬ ಜನ. ಎಲ್ಲರಿಗೂ ಕೇಳುವಂತೆ ಅಂದೆ, "ಗೌಡ್ರೆ, ಹೋರಿ ಹಿಡಿಯೋ ಹುಡುಗ್ರಿಗೆ ನೀವು ಮೊದ್ಲೇ ಊಟ ಹಾಕ್ಸಿ ಸುಮ್ನಾಗ್ಸಿರ್ತೀರಿ ಅಂತ ಮಂದಿ ಮಾತಾಡ್ತಾರಲ್ರಿ?"

ಯಾವ ಮಂದಿಯೂ ಹಾಗೆ ಆಡಿರಲಿಲ್ಲ. ಅಲ್ಲೇ ಹುಟ್ಟಿಸಿದ ಮಾತು. ಗೌಡರ ಮುಖ ಕೆಂಪಾಯಿತು.

"ನಲವತ್ತು ಕೊಬ್ಬರಿ ಗಿಟುಕು ಕಟ್ಟಿ ಬಿಡ್ತೀನಿ ಸಾವ್ಕಾರ್ರೆ. ಒಂದೂ ಕಮ್ಮಿ ಆಗ್ದಂಗೆ ವಾಪಸ್ ತರ್ತೀನಿ. ಹಾರ ನೀವೇ ಪೋಣ್ಸಿ ಕೊಡಿ."

"ತರದಿದ್ರೆ?"

"ಹೋರಿ ನಿಮ್ದು."

"ತಂದ್ರೆ ಹೊರಗ ನಿಂತೈತಲ್ಲ, ನನ್ನ ಹೊಸ ಬೈಕು, ಅದು ನಿಮ್ದು," ಎಂದು ಕೈ ಚಾಚಿದೆ. ಅವರು ಬಡಿದರು. ಅಂಗೈ ಚುರ್ ಎಂದಿತು.

ಹಾರ ಪೋಣಿಸಲು ಕೂತೆ. ಗಿಟುಕಿಗೆ ದಬ್ಬಣದಿಂದ ತೂತು ಹೊಡೆದು ಹುರಿಗೆ ಸೇರಿಸುತ್ತಾ ಹೋಗುವುದು. ನಮ್ಮ ವ್ಯಾಪಾರಸ್ಥರು ಒಂದು ಎಂದು ಎಣಿಕೆ ಶುರುಮಾಡುವುದಿಲ್ಲ. ಮೊದಲನೆಯದಕ್ಕೆ ಲಾಭ ಎನ್ನುತ್ತೇವೆ, ಆಮೇಲೆ ಎರಡು, ಮೂರು. "ಲಾಭ" ಎಂದು ಮೊದಲ ಗಿಟುಕಿಗೆ ತೂತು ಹೊಡೆದೆ. ಅಷ್ಟರಲ್ಲಿ ಫೋನು ಬಂತು. ಅಂಜನಾಪುರದ ಕಡೆಯ ಯಾವನೋ ಬಾಜಿಯವನು, ಕುಯ್ಯೋ ಅಂತ ಕೊರೆದ. ಮಾತು ಮುಗಿಸಿ ಬಂದು, ಎರಡು, ಮೂರು ಎನ್ನುತ್ತಾ ನಲವತ್ತರವರೆಗೆ ಪೋಣಿಸಿ ಗಂಟು ಹಾಕಿ ಕೊಟ್ಟೆ. ಗೌಡರು ಎಣಿಸದೆ ಹಾರವನ್ನು ಹೆಗಲಿಗೆ ಹಾಕಿಕೊಂಡು ಹೊರಟರು.

ಹಬ್ಬದ ದಿನ ಆ ಹೋರಿ ಓಡಿದ್ದನ್ನು ಏನೆಂದು ಹೇಳಲಿ! ಜನರ ನಡುವೆ ನುಗ್ಗಿದ್ದೊಂದೇ ಕಂಡಿತು, ಆಮೇಲೆ ಬರೀ ಧೂಳು. ಕೊಬ್ಬರಿ ಕಿತ್ತವನು ಕೈ ಮೇಲೆತ್ತಿ ತೋರಿಸಬೇಕು, ಮೈಕಿನವನು ಕೂಗಬೇಕು, ಅದು ಪದ್ಧತಿ. ಯಾರೂ ಕೈ ಎತ್ತಲಿಲ್ಲ. ನನ್ನ ಬೈಕು ಹೋಯಿತು ಅಂದುಕೊಂಡೆ. ಆದರೂ ಎಣಿಸಲೇಬೇಕಲ್ಲ. ಎಳೆದ ಏಟಿಗೆ ಗಿಟುಕು ಒಡೆದು ಕೈಗೆ ಬರುತ್ತದೆ, ಹುರಿ ಹಾಗೇ ಉಳಿಯುತ್ತದೆ. ಹಾಗಾಗಿ ಎಣಿಕೆ ಬಿಟ್ಟು ಬೇರೆ ಸಾಕ್ಷಿಯಿಲ್ಲ. ಎಲ್ಲರೆದುರು ಎಣಿಸಿದೆ. ಮೂವತ್ತೊಂಬತ್ತು. ಇನ್ನೊಮ್ಮೆ ಎಣಿಸಿದೆ. ಮೂವತ್ತೊಂಬತ್ತೇ.

"ಒಂದ್ ಕಮ್ಮಿ ಐತ್ರಿ ಗೌಡ್ರೆ!" ಎಂದು ಕೂಗಿದೆ. ಸಂತೋಷ ತಡೆಯಲಾಗಲಿಲ್ಲ, ಸುಳ್ಳೇಕೆ ಹೇಳಲಿ.

"ಯಾರೂ ತೋರ್ಸಲಿಲ್ವಲ್ಲ?" ಎಂದು ಗುಂಪಿನಲ್ಲಿ ಒಬ್ಬ ಕೇಳಿದ.

"ಕಿತ್ತೋನು ಹಸ್ದಿದ್ದ ಕಾಣ್ತತಿ, ಅಲ್ಲೇ ತಿಂದಾನೆ," ಎಂದೆ. ಜನ ಹೋ ಎಂದು ನಕ್ಕರು.

ಗೌಡರು ನಗಲಿಲ್ಲ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. "ಎಣಿಕೆ ನಿಮ್ದು ಸಾವ್ಕಾರ್ರೆ. ಹಗ್ಗ ಹಿಡ್ಕಳಿ," ಎಂದು ಹಗ್ಗ ನನ್ನ ಕೈಗಿಟ್ಟು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಬಸ್ಸಿನ ಕಡೆ ನಡೆದರು.

ಹೋರಿಯನ್ನು ಅಂಗಡಿ ಹಿಂದಿನ ಗೋಡೌನಿನ ಪಕ್ಕ ಕಟ್ಟಿದೆ. ಅದು ನನ್ನ ಕೈಯಿಂದ ಏನೂ ತಿನ್ನಲಿಲ್ಲ. ಪ್ರತಿ ಸಂತೆಯ ದಿನ ಗೌಡರು ಬಸ್ಸಿನಲ್ಲಿ ಬರುತ್ತಿದ್ದರು. ಮೊದಲು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಚಹಾ ಕುಡಿದು, ಆಮೇಲೆ ಹಿಂದಕ್ಕೆ ಹೋಗಿ ನೆನೆಸಿದ ಹುರುಳಿ ತಿನ್ನಿಸುವರು. ಅವರ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಹೋರಿ ಕೂಗುತ್ತಿತ್ತು.

ಹದಿನೈದು ದಿನ ಕಳೆದಿತ್ತೋ ಏನೋ. ಚೀಲಗಳನ್ನು ಸರಿಸಿ ಕಸ ಗುಡಿಸುವಾಗ ತಕ್ಕಡಿಯ ಹಿಂದಿನಿಂದ ಒಂದು ಗಿಟುಕು ಉರುಳಿ ಬಂತು. ಎತ್ತಿಕೊಂಡೆ. ನಡುವೆ ದಬ್ಬಣದ ತೂತು. ಮಾರುವ ಗಿಟುಕಿಗೆ ಯಾರು ತೂತು ಹೊಡೆಯುತ್ತಾರೆ? ನನ್ನ ಲಾಭ ಅಲ್ಲೇ ಕೂತಿತ್ತು. ಫೋನು ಬಂದಾಗ ಕೆಳಗಿಟ್ಟವನು ಅದನ್ನು ಪೋಣಿಸಿಯೇ ಇರಲಿಲ್ಲ.

ಅವತ್ತೇ ಹೋರಿಯನ್ನು ಹಿಡಿದುಕೊಂಡು ಹೋಗಬಹುದಿತ್ತು. ಹೋಗಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನ ಮಾನ ಒಂದು ಗಿಟುಕಿಗೆ ಹೋಗುವುದರಲ್ಲಿತ್ತು. ಸಾವ್ಕಾರ್ರ ಎಣಿಕೆ ತಪ್ಪಿತಂತೆ ಎಂದು ಒಬ್ಬ ಆಡಿದರೆ ಸಾಕು, ಬಾಜಿಯೂ ಹೋಯಿತು, ಅಂಗಡಿಯೂ ಹೋಯಿತು. ಆ ಗಿಟುಕನ್ನು ಚೀಲಕ್ಕೆ ಎಸೆದೆ. ಮಧ್ಯಾಹ್ನ ಯಾರೋ ಕಾಲು ಕಿಲೋ ಕೊಬ್ಬರಿ ಕೇಳಿದರು, ತೂಗಿ ಕೊಟ್ಟೆ, ಅದರಲ್ಲಿ ಅದೂ ಹೋಯಿತು.

ಆಮೇಲೆ ಗೌಡರು ಬೆಂಚಿನ ಮೇಲೆ ಕೂರುವುದೇ ನನಗೆ ಮೈ ಪರಚಿದಂತಾಗುತ್ತಿತ್ತು. ಸುಮ್ಮನೆ ಕೂರುವರು, ನನ್ನನ್ನು ನೋಡುವರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅವರು ಏನೂ ಅನ್ನದೆಯೇ ನಾನು ಹೆಗಲು ಮುಟ್ಟಿಕೊಳ್ಳುತ್ತಿದ್ದೆ. ನಾಲ್ಕು ತಿಂಗಳಾದ ಮೇಲೆ ಒಂದು ದಿನ ತಡೆಯಲಾಗದೆ ಅಂದೆ, "ಇನ್ ಮ್ಯಾಲೆ ಬರಬ್ಯಾಡ್ರಿ ಗೌಡ್ರೆ. ನೀವು ಬಂದು ಹೋದ ಮ್ಯಾಲೆ ಹೋರಿ ಎರಡು ದಿನ ಮೇವು ಮುಟ್ಟಲ್ಲ." ಅವರು ಚಹಾದ ಲೋಟ ಇಟ್ಟು ಎದ್ದರು. ಅವತ್ತು ಹೋರಿಯ ಹತ್ತಿರವೂ ಹೋಗಲಿಲ್ಲ.

ಮುಂದಿನ ಹಬ್ಬದಲ್ಲಿ ಹೋರಿಯನ್ನು ನಾನೇ ಓಡಿಸಿದೆ. ಅರೆಹೊಟ್ಟೆಯ ಹೋರಿ, ಹಗ್ಗ ಹಿಡಿದವರೆಲ್ಲ ಗೊತ್ತಿಲ್ಲದ ಕೂಲಿಗಳು. ಬೇಲಿಗೆ ಬಡಿದು ಮುಂಗಾಲು ಮುರಿಯಿತು. ಮಾರನೆಯ ದಿನ ದನದ ದಲ್ಲಾಳಿಯ ಗಾಡಿ ಕರೆಸಿದೆ. ಮೂರು ಕಾಲಿನಲ್ಲಿ ಹಲಗೆ ಹತ್ತುವಾಗ ರಸ್ತೆಯಲ್ಲಿ ಯಾರದೋ ಚಪ್ಪಲಿ ಸದ್ದು ಕೇಳಿ ಅದು ಕತ್ತು ತಿರುಗಿಸಿ ಕೂಗಿತು. ಬೇರೆ ಯಾರೋ ಹೋಗುತ್ತಿದ್ದರು. ದಲ್ಲಾಳಿ ಬಾಲ ತಿರುಚಿ ಹತ್ತಿಸಿದ. ನಾನು ಒಳಗೆ ಹೋಗಿ ಊಟಕ್ಕೆ ಕೂತೆ.

ಎರಡು ವರ್ಷ ಬಿಟ್ಟು, ಮೊನ್ನೆ, ಗೌಡರು ಅಂಗಡಿಗೆ ಬಂದರು. ಮೊಮ್ಮಗಳ ತೊಟ್ಟಿಲ ಶಾಸ್ತ್ರಕ್ಕೆ ಇಪ್ಪತ್ತೊಂದು ಗಿಟುಕು ಬೇಕು ಎಂದರು. ಎಣಿಸಿ ಚೀಲಕ್ಕೆ ಹಾಕಿ ಕೊಟ್ಟೆ. ಅವರು ಬೆಂಚಿನ ಮೇಲೆ ಟವೆಲ್ ಹಾಸಿ, ಚೀಲ ಸುರಿದು, ಒಂದೊಂದೇ ಎತ್ತಿಟ್ಟು ಎಣಿಸತೊಡಗಿದರು. ಒಂದು. ಎರಡು. ಮೂರು. ಗಿರಾಕಿಗಳೆಲ್ಲ ನೋಡುತ್ತಿದ್ದರು. ಗಲ್ಲಾಪೆಟ್ಟಿಗೆ ಬಿಟ್ಟು ಎದ್ದೆ.

"ಏನ್ರೀ ಇದು? ನನ್ ಅಂಗಡ್ಯಾಗ ಎಣಿಸ್ತೀರಾ?"

ಇಪ್ಪತ್ತೊಂದೂ ಮುಗಿಸಿ, ಚೀಲ ಕಟ್ಟಿಕೊಂಡು, ನನ್ನ ಹತ್ತಿರ ಬಂದು ಮೆಲ್ಲಗೆ ಅಂದರು, "ಆವತ್ತು ಬೆಳಿಗ್ಗೆ ಹೋರಿಗೆ ಕಟ್ಟೋವಾಗ್ಲೇ ಎಣ್ಸಿದ್ದೆ ಸಾವ್ಕಾರ್ರೆ. ಮೂವತ್ತೊಂಬತ್ತೇ ಇದ್ವು. ಓಡೋಕ್ ಮುಂಚೆ ಎಣಿಕೆ ಮಾತು ಎತ್ತಿದ್ರೆ ಗೌಡ ಹೆದ್ರಿದ ಅಂತಿದ್ರಿ. ನನ್ ಕೈಯಾರೆ ಒಂದು ಸೇರ್ಸಿದ್ರೆ ಮೋಸ ಆಗ್ತಿತ್ತು, ಸೋತ್ ಮೇಲೆ ಹೇಳಿದ್ರೆ ಯಾರು ನಂಬ್ತಿದ್ರು?"

"ಮತ್ತೆ... ಸಂತೆ ಸಂತೆಗೆ ಬರ್ತಿದ್ರಲ್ಲ, ಆವಾಗಾದ್ರೂ..."

"ಹೋರಿ ನೋಡಾಕೆ ಅಂದ್ಕಂಡ್ರಾ? ನೀವೇ ಹೇಳ್ತೀರೇನೋ ಅಂತ ಬಂದು ಕೂರ್ತಿದ್ದೆ."

ಅವರು ಹೋದರು. ಪಕ್ಕದಲ್ಲಿ ನಿಂತಿದ್ದ ಗಿರಾಕಿಗೆ ನಮ್ಮ ಮೆಲುಮಾತು ಕೇಳಿಸಿರಲಿಲ್ಲ. "ಸಾವ್ಕಾರ್ರ ಅಂಗಡ್ಯಾಗ ಎಣಿಸ್ಕಂಡ್ ಹೋಗೋ ಮಂದಿನೂ ಅದಾರಲ್ರಿ!" ಎಂದು ನಕ್ಕು, ತನ್ನ ಚೀಲವನ್ನು ಬಿಚ್ಚಿಯೂ ನೋಡದೆ ಎತ್ತಿಕೊಂಡು ಹೋದ.