ನಮ್ಮ ಮನೆಯ ಮೂರನೆಯ ಮಗು

ಹೋದ ತಿಂಗಳು ನಮ್ಮ ಮನೆಯಲ್ಲಿ ಒಂದು ಮಗು ಹೆಚ್ಚಾಯಿತು. ಹದಿಮೂರು ವರ್ಷದ ಮಗು.

(ಗಾಬರಿಯಾಗಬೇಡಿ. ವಿಷಯ ನನ್ನಾಕೆಗೂ ಮೊದಲೇ ಗೊತ್ತಿತ್ತು.)

ಮಗುವಿನ ಹೆಸರು ಶ್ರೀಧರ. ನನ್ನ ಹೆಂಡತಿಯ ತಂಗಿಯ ಮಗ. ಹುಟ್ಟಿದ್ದು, ಬೆಳೆದದ್ದು, ಈಗಲೂ ಉಣ್ಣುವುದು, ಮಲಗುವುದು ಎಲ್ಲ ಕಾಟನ್‌ಪೇಟೆಯಲ್ಲಿ. ಆದರೆ ರಾಜಾಜಿನಗರದ ನಮ್ಮ ಬಡಾವಣೆಯ ಹೊಸ ಹೈಸ್ಕೂಲಿನ ಅರ್ಜಿಯಲ್ಲಿ ಮಾತ್ರ ಅವನು ನಮ್ಮ ಮನೆಯಲ್ಲಿ ವಾಸವಾಗಿದ್ದ. ಅರ್ಜಿ ತುಂಬಿದವನು ನಾನೇ. ಅಕ್ಷರ ದುಂಡಗೆ ಬಂದಿತ್ತು.

ಯಾಕೆ ಎಂದು ಕೇಳುತ್ತೀರಾ? ಕೇಳಲಾರಿರಿ. ನಿಮ್ಮಲ್ಲೂ ಎಷ್ಟೋ ಜನ ಇದೇ ಕೆಲಸ ಮಾಡಿದ್ದೀರಿ. ಬೇಸಿಗೆಯಲ್ಲಿ ಮನೆಗೆ ಇಬ್ಬರು ಮಕ್ಕಳಿದ್ದ ನಮ್ಮ ಬೀದಿಯಲ್ಲಿ ಅಡ್ಮಿಷನ್ ಶುರುವಾಗುವ ಹೊತ್ತಿಗೆ ಮನೆಗೆ ಮೂರು ಮಕ್ಕಳಾದದ್ದು ನೀರಿನ ಗುಣದಿಂದಲ್ಲ.

ನಮ್ಮ ಹೈಸ್ಕೂಲು ಹೊಸದು. ಬಡಾವಣೆಯ ಸಂಘವೇ ನಡೆಸುತ್ತದೆ. ಹೈಸ್ಕೂಲಿನ ಮೊದಲ ಕ್ಲಾಸಾದ ಫೋರ್ತ್ ಫಾರಂಗೆ ಇರುವುದು ಒಂದೇ ಸೆಕ್ಷನ್, ನಲವತ್ತು ಸೀಟು. ಪೇಟೆಯ ಶಾಲೆಗಳಲ್ಲಿ ಬೆಂಚಿಗೆ ಆರು ಜನ ಕೂರುತ್ತಾರಂತೆ, ಇಲ್ಲಿ ಮೂರೇ. ಸೈನ್ಸಿಗೆ ಒಳ್ಳೆಯ ಮೇಷ್ಟ್ರಿದ್ದಾರೆ. ಆಟಕ್ಕೆ ಬಯಲಿದೆ. ಸುದ್ದಿ ಪೇಟೆಗೆ ಮುಟ್ಟಿತು. ಅರ್ಜಿಗಳು ಬಂದು ಬಿದ್ದವು. ಆಗ ಕಮಿಟಿ ಒಂದು ರೂಲ್ ಮಾಡಿತು: ಬಡಾವಣೆಯ ಎಲ್ಲೆಯೊಳಗೆ ವಾಸ ಮಾಡುವವರ ಮಕ್ಕಳಿಗೆ ಮೊದಲು ಸೀಟು, ಉಳಿದರೆ ಹೊರಗಿನವರಿಗೆ.

ಆ ರೂಲನ್ನು ಬರೆದ ಸೆಕ್ರೆಟರಿ ಯಾರು? ನಾನೇ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಇರಬೇಕು.

ಇನ್ನು ಹನುಮಕ್ಕನ ವಿಚಾರ ಹೇಳಬೇಕು. ಕುರುಬರಹಳ್ಳಿಯವಳು. ನಮ್ಮ ಸಾಲಿನ ಹತ್ತು ಹನ್ನೆರಡು ಮನೆಗಳಿಗೆ ಹಾಲು ಹಾಕುತ್ತಾಳೆ. ಬೆಳಿಗ್ಗೆ ಹಸುವನ್ನು ಬಾಗಿಲಿಗೇ ಹೊಡೆದುಕೊಂಡು ಬಂದು, ನಮ್ಮ ಕಣ್ಣೆದುರಿಗೇ ಕರೆದು, ಪಾವಿನಲ್ಲಿ ಅಳೆದು ಕೊಟ್ಟು ಹೋಗುತ್ತಾಳೆ. ಕರೆಯುವ ಮುಂಚೆ ಚೊಂಬನ್ನು ಬೋರಲು ಮಾಡಿ ತೋರಿಸಬೇಕು, ಒಳಗೆ ನೀರಿಲ್ಲ ಎಂದು. ಅದು ನಮ್ಮ ಬೀದಿಯ ಪದ್ಧತಿ. ಮೂರು ವರ್ಷದಿಂದ ದಿನಾ ತೋರಿಸುತ್ತಿದ್ದಾಳೆ. ನಾವೂ ದಿನಾ ಬಗ್ಗಿ ನೋಡುತ್ತಿದ್ದೇವೆ.

ಒಂದು ದಿನ ಹಾಲು ಅಳೆದಾದ ಮೇಲೂ ಅವಳು ಹೋಗಲಿಲ್ಲ. ಸೆರಗಿನಲ್ಲಿ ಸುತ್ತಿಟ್ಟಿದ್ದ ಒಂದು ಕಾಗದ ತೆಗೆದು ನನ್ನ ಮುಂದೆ ಹಿಡಿದಳು.

"ನಮ್ ಜಯಮ್ಮಂದು ಸಾಮಿ. ಮಿಡ್ಲು ಸ್ಕೂಲು ಪಾಸ್ ಮಾಡವ್ಳೆ. ನೀವು ದೊಡ್ಡೋರು, ವಸಿ ನೋಡಿ."

ನೋಡಿದೆ. ಪಾಸು ಎಂದರೆ ಬರಿಯ ಪಾಸಲ್ಲ, ಫಸ್ಟ್ ಕ್ಲಾಸು. (ಶ್ರೀಧರನದು ಪಾಸು ಎನ್ನುವುದಕ್ಕಷ್ಟೇ ಪಾಸು.)

"ನಿಮ್ ಹೈಸ್ಕೂಲಲ್ಲಿ ಒಂದು ಸೀಟು ಕೊಡ್ಸಿ. ಮಲ್ಲೇಶ್ವರಕ್ಕೆ ಹೋಗ್ಬೇಕು ಅಂದ್ರೆ ರೈಲು ಹಳಿ ದಾಟ್ಬೇಕು. ಅವರಪ್ಪ ಅಷ್ಟು ದೂರ ಕಳ್ಸಲ್ಲ ಅಂತವ್ನೆ. ಇಲ್ಲಿ ಸೀಟು ಸಿಕ್ರೆ ಓದ್ಲಿ, ಇಲ್ದೇ ಇದ್ರೆ ಮಾಗಡಿ ಕಡೆಯೋರು ಬಂದ್ ಕೇಳ್ತಾವ್ರೆ, ಮದ್ವೆ ಮಾಡ್ಬುಡಾನ ಅಂತವ್ನೆ."

ಜಯಮ್ಮನ ವಯಸ್ಸು ಎಷ್ಟು? ನಮ್ಮ ಶ್ರೀಧರನಷ್ಟೇ.

ನಾನು ಗಂಟಲು ಸರಿಮಾಡಿಕೊಂಡೆ. ರೂಲ್ ವಿವರಿಸಿದೆ. ಬಡಾವಣೆಯ ಕೊನೆಯಲ್ಲಿ ಒಂದು ಮೋರಿ ಇದೆಯಲ್ಲ, ಅಲ್ಲಿಗೆ ನಮ್ಮ ಎಲ್ಲೆ ಮುಗಿಯಿತು, ಆಚೆಗೆ ಕುರುಬರಹಳ್ಳಿ, ಅದು ಹೊರಗಿನದು ಎಂದೆ.

"ಸ್ಕೂಲು ಕಟ್ಟಿರೋದು ನಮ್ ಹುಚ್ಚೆಳ್ಳು ಹೊಲದಾಗೆ ಸಾಮಿ," ಎಂದಳು. "ಬಡಾವಣೆಗೆ ಅಂತ ಸರ್ಕಾರದೋರು ತಕ್ಕಂಡ್ರಲ್ಲ, ಆ ಹೊಲ. ಈ ಜಯಮ್ಮ ಕೂಸಾಗಿದ್ದಾಗ ಅಲ್ಲೇ ಬುಟ್ಟೀಲಿ ಮಲಗ್ಸಿ ಕಳೆ ಕಿತ್ತಿದೀನಿ."

"ಅದು ಬೇರೆ ಹನುಮಕ್ಕ, ಇದು ಬೇರೆ," ಎಂದೆ.

ಏನು ಬೇರೆ? ಹೇಗೆ ಬೇರೆ? ಅವಳು ಕೇಳಲಿಲ್ಲ. ಕಾಗದ ಮಡಿಸಿ ಸೆರಗಿಗೆ ಕಟ್ಟಿಕೊಂಡು ಹಸುವಿನ ಹಿಂದೆ ಹೊರಟುಹೋದಳು.

ನಮ್ಮ ಹೆಡ್‌ಮಾಸ್ಟರು ಸುಮ್ಮನೆ ಕೂರುವ ಪೈಕಿ ಅಲ್ಲ. ಅರ್ಜಿಯಲ್ಲಿ ಬರೆದ ಅಡ್ರೆಸ್ಸು ನಿಜವೋ ಸುಳ್ಳೋ ಎಂದು ಮನೆ ಮನೆಗೆ ಹೋಗಿ ನೋಡುತ್ತಾರೆ. ಭಾನುವಾರ ಬರುತ್ತಾರೆಂದು ನನಗೆ ಸುದ್ದಿ ಸಿಕ್ಕಿತ್ತು. ಶ್ರೀಧರನನ್ನು ಶನಿವಾರವೇ ಕರೆಸಿಕೊಳ್ಳುವ ಏರ್ಪಾಟಾಗಿತ್ತು. ಮನುಷ್ಯ ಬಂದದ್ದು ಗುರುವಾರ! ಅದೂ ಬೆಳಗಿನ ಕಾಫಿಯ ಹೊತ್ತಿಗೆ.

"ಹುಡುಗ ಎಲ್ಲಿ ರಾಯರೇ?" ಎಂದರು, ಜಗುಲಿಯಲ್ಲಿ ಕೂರುತ್ತಾ.

"ಕೊಳಾಯಿಗೆ ಹೋಗಿದಾನೆ ಸಾರ್, ನೀರಿಗೆ," ಎಂದೆ.

ನಮ್ಮ ಮನೆಯಲ್ಲಿರುವುದು ಎರಡು ಕೊಡ. ಎರಡೂ ಜಗುಲಿಯ ಮೇಲೆಯೇ ಇದ್ದವು. ನಾನು ಅವಕ್ಕೆ ಅಡ್ಡ ನಿಂತುಕೊಂಡೆ. ಒಳಗೆ ನನ್ನಾಕೆಯ ಬಳೆ ಸದ್ದು ನಿಂತೇಹೋಯಿತು.

ಹೆಡ್‌ಮಾಸ್ಟರು ಚೀಲದಿಂದ ಒಂದು ಪುಸ್ತಕ ತೆಗೆದರು. ಬಾಗಿಲಲ್ಲಿ ಹಸುವಿನ ಕೆಚ್ಚಲು ತೊಳೆಯುತ್ತಿದ್ದ ಹನುಮಕ್ಕನ ಕಡೆ ತಿರುಗಿದರು. ಆಗ ನನಗೆ ಅರ್ಥವಾಯಿತು, ಇವರು ಈ ಹೊತ್ತಿಗೇ ಯಾಕೆ ಬಂದರೆಂದು. ಯಾವ ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬುದು ಹಾಲಿನವಳಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಮಗು ಹೆಚ್ಚಿದರೆ ಹಾಲು ಹೆಚ್ಚಬೇಕು. ಅರ್ಜಿ ಸುಳ್ಳು ಹೇಳಬಹುದು, ಪಾವು ಹೇಳುವುದಿಲ್ಲ.

"ಏನಮ್ಮಾ, ಈ ಮನೇಲಿ ಮಕ್ಕಳೆಷ್ಟು?"

ಹನುಮಕ್ಕ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಲಾರದೆ ಹಸುವನ್ನು ನೋಡಿದೆ. ಒಂದು ಮಾತು ಸಾಕಿತ್ತು. 'ಎರಡು ಸಾಮಿ' ಎಂದಿದ್ದರೆ ಶ್ರೀಧರನ ಸೀಟು ಹೋಗುತ್ತಿತ್ತು, ಸೆಕ್ರೆಟರಿಯ ಮಾನವೂ ಹೋಗುತ್ತಿತ್ತು. ಮಗಳಿಗೆ ಬಾಗಿಲು ಹಾಕಿದವನ ಮೇಲೆ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಯಾವುದಿತ್ತು? ಅದು ಸುಳ್ಳೂ ಆಗುತ್ತಿರಲಿಲ್ಲ.

"ಮೂರು ಸಾಮಿ," ಎಂದಳು. "ಇಬ್ರು ಹೆಣ್ಮಕ್ಳು, ಒಬ್ಬ ಹುಡ್ಗ. ಹುಡ್ಗ ಬಂದ್ಮ್ಯಾಕೆ ಅರೆಪಾವು ಜಾಸ್ತಿ ಹಾಕ್ತಾ ಇವ್ನಿ."

ಅಂದವಳೇ ಹಾಲು ಕರೆದು, ಎರಡು ಪಾವು ಅಳೆದು, ಅದರ ಮೇಲೆ ಅರೆಪಾವು ಹೆಚ್ಚಿಗೆ ಸುರಿದಳು. ಹೆಡ್‌ಮಾಸ್ಟರು ಅದನ್ನು ನೋಡಿದರು, ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡರು, ಕಾಫಿ ಕುಡಿದು ಹೊರಟರು.

ಕಚೇರಿಗೆ ಹೋಗುವ ಮುಂಚೆ ಊಟಕ್ಕೆ ಕೂತೆ. ನನ್ನಾಕೆ ಆ ಅರೆಪಾವು ಹಾಲನ್ನು ಬೇರೆ ಪಾತ್ರೆಯಲ್ಲಿ ಇಟ್ಟಿದ್ದಳು. "ಇದನ್ನ ಯಾರಿಗೆ ಕಾಯಿಸಿ ಕೊಡ್ಲಿ, ನೀವೇ ಹೇಳಿ," ಎಂದಳು. ಕಚೇರಿಗೆ ಹೊತ್ತಾಯಿತು ಎಂದು ಎದ್ದೆ. ನಿಜ ಹೇಳುತ್ತೇನೆ, ನಾಚಿಕೆಯಿಂದ ಕುಗ್ಗಿಹೋಗಿದ್ದೆ.

ಮಾರನೆಯ ದಿನ ಹನುಮಕ್ಕ ಬರುವ ಮುಂಚೆಯೇ ಬಾಗಿಲಲ್ಲಿ ನಿಂತಿದ್ದೆ. ಅವಳು ಎಂದಿನಂತೆ ಚೊಂಬು ಬೋರಲು ಮಾಡಲು ಹೊರಟಳು. ಬೇಡ ಎಂದೆ.

"ಯಾಕೆ ಹಾಗೆ ಹೇಳಿದೆ ಹನುಮಕ್ಕ?"

"ಇನ್ನೇನ್ ಹೇಳ್ಲಿ ಸಾಮಿ? ಆ ಮಗ ಏನ್ ತಪ್ಪು ಮಾಡೈತೆ? ಒಂದು ಮಗ ಓದೋದ್ನ ಕಿತ್ಕಂಡ್ರೆ ನಮ್ ಜಯಮ್ಮಂಗೆ ಒಳ್ಳೇದಾದಾತಾ?"

ನನಗೆ ತಡೆಯಲಾಗಲಿಲ್ಲ. ತಕ್ಷಣ ಒಂದು ಉಪಾಯ ಹೇಳಿದೆ. (ನನ್ನ ಬುದ್ಧಿ ನೋಡಿ. ಒಂದು ಸುಳ್ಳಿನಿಂದ ಎದ್ದು ಬಂದು ಇನ್ನೊಂದರಲ್ಲಿ ಬೀಳಲು ಎಷ್ಟು ಅವಸರ!) ಶ್ರೀಧರನ ಅರ್ಜಿ ವಾಪಸ್ ತಗೊಳ್ತೀನಿ, ಜಯಮ್ಮನ ಅರ್ಜಿಗೆ ನಮ್ಮ ಮನೆ ಅಡ್ರೆಸ್ಸು ಹಾಕ್ತೀನಿ, ಮನೆಗೆಲಸಕ್ಕೆ ಅಂತ ನಮ್ಮಲ್ಲೇ ಇದಾಳೆ ಅಂತ ಬರೆದರಾಯ್ತು ಎಂದೆ.

ಹನುಮಕ್ಕನ ಮುಖ ಗಂಟಾಯಿತು.

"ಬ್ಯಾಡಿ ಸಾಮಿ. ನನ್ ಮಗ್ಳು ನಮ್ ಮನೇಲೇ ಅವ್ಳೆ. ಬ್ಯಾರೆಯೋರ್ ಮನೇಲವ್ಳೆ ಅಂತ ಬರ್ದ್ರೆ ನಮಗೆ ಮನೆ ಇಲ್ಲ ಅಂದಂಗಾಯ್ತು. ಸೀಟು ಸಿಕ್ರೆ ಕುರುಬರಹಳ್ಳಿ ಅಂತ ಬರ್ದೇ ಸಿಗ್ಲಿ. ಇಲ್ದೇ ಇದ್ರೆ ಅವಳ ಹಣೇಬರ."

ನನ್ನ ಮಗುವಿಗಾಗಿ ಸುಳ್ಳು ಹೇಳಿದವಳು ತನ್ನ ಮಗುವಿಗಾಗಿ ಹೇಳಲು ಒಪ್ಪಲಿಲ್ಲ. ನಾವೆಲ್ಲ ಇದರ ಉಲ್ಟಾ ಅಲ್ಲವೇ?

ಭಾನುವಾರ ಸಂಜೆ ಕಮಿಟಿ ಮೀಟಿಂಗು. ಏಳು ಜನ ಮೆಂಬರುಗಳು, ಹೆಡ್‌ಮಾಸ್ಟರು, ಒಂದು ತಟ್ಟೆ ಬೋಂಡ. ಪ್ರೆಸಿಡೆಂಟರು ರಿಟೈರಾದ ಅಮಲ್ದಾರರು. ಲಿಸ್ಟ್ ಮಂಜೂರು ಮಾಡೋಣವೇ ಎಂದರು. ನಾನು ಎದ್ದು ನಿಂತೆ.

"ನಮ್ಮ ಮನೇಲಿರೋದು ಇಬ್ಬರೇ ಮಕ್ಕಳು. ಮೂರನೆಯವನು ಕಾಟನ್‌ಪೇಟೆಯವನು. ಅವನ ಅರ್ಜಿ ವಾಪಸ್ ತಗೋತಿದೀನಿ."

ಯಾರೂ ಬೋಂಡಕ್ಕೆ ಕೈ ಹಾಕಲಿಲ್ಲ. ಹೆಡ್‌ಮಾಸ್ಟರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಅವರು ನಿಧಾನವಾಗಿ ಪುಸ್ತಕ ಬಿಡಿಸಿ, "ಇನ್ನೂ ಕೆಲವು ಮನೆಗಳಲ್ಲಿ ಹೀಗಾಗಿರಬಹುದು ಅಂತ ನನಗೊಂದು ಅನುಮಾನ," ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ಆ ದಿನ ಎಷ್ಟು ಹೆಗಲುಗಳು!

ಅಮಲ್ದಾರರು ಕೆಮ್ಮಿದರು. "ನಮ್ಮ ಮನೇಲಿರೋ ಹುಡುಗ ನಮ್ಮ ಸೋದರಳಿಯನ ಮಗ. ಬರ್ತಾ ಹೋಗ್ತಾ ಇರ್ತಾನೆ."

"ಈಗ ಬಂದಿದಾನೋ, ಹೋಗಿದಾನೋ?" ಎಂದರು ಹೆಡ್‌ಮಾಸ್ಟರು.

"ಬರಬೇಕು ಅಂತಿದಾನೆ," ಎಂದರು ಅಮಲ್ದಾರರು. ಆಮೇಲೆ ತಾವೇ ನಕ್ಕುಬಿಟ್ಟರು.

ಕಾಫಿ ಬರುವ ಹೊತ್ತಿಗೆ ನಾಲ್ಕು ಸೀಟು ಖಾಲಿಯಾಗಿದ್ದವು. ಆಗ ಜಯಮ್ಮನ ಮಾತೆತ್ತಿದೆ. ರೂಲಿನಲ್ಲಿ 'ಬಡಾವಣೆ' ಎಂದಿರುವ ಕಡೆ 'ಬಡಾವಣೆ ಮತ್ತು ಕುರುಬರಹಳ್ಳಿ' ಎಂದು ಸೇರಿಸಬೇಕು ಎಂದೆ. ಪಕ್ಕದ ಬೀದಿಯ ಕಂಟ್ರಾಕ್ಟರರು ಒಪ್ಪಲಿಲ್ಲ.

"ಇವತ್ತು ಕುರುಬರಹಳ್ಳಿ ಅಂತೀರಿ, ನಾಳೆ ಇನ್ನೊಂದು ಹಳ್ಳಿಯೋರು ಬರ್ತಾರೆ. ಎಲ್ಲೆ ಅಂತ ಒಂದು ಬೇಡ್ವೇನ್ರೀ?"

"ಬೇಕು," ಎಂದೆ. "ಆದರೆ ಕಾಟನ್‌ಪೇಟೆ ತನಕ ಎಳೆದರೂ ಹರಿಯದ ಎಲ್ಲೆ ಮೋರಿ ದಾಟಿದರೆ ಹರಿದುಹೋಗುತ್ತಾ?"

ಸ್ವಲ್ಪ ಹೊತ್ತು ಮಾತಾಯಿತು. ಸ್ವಲ್ಪ ಬಿಸಿಯೂ ಆಯಿತು. ಕೊನೆಗೆ ಅಮಲ್ದಾರರು ಕೈ ಎತ್ತಿದರು. ಅವರು ಎತ್ತಿದ ಮೇಲೆ ಉಳಿದವರೂ ಎತ್ತಿದರು. ಕಂಟ್ರಾಕ್ಟರರು ಎತ್ತಲಿಲ್ಲ, ಬೋಂಡ ತಿಂದರು.

ಹೊರಗೆ ಬಂದಾಗ ಹೆಡ್‌ಮಾಸ್ಟರನ್ನು ಕೇಳಿದೆ, "ನಿಮಗೆ ಗೊತ್ತಿತ್ತಾ ಸಾರ್?"

"ನೀರಿಗೆ ಹೋದ ಹುಡುಗ ಕೊಡ ಬಿಟ್ಟು ಹೋಗ್ತಾನಾ ರಾಯರೇ?" ಎಂದರು. "ಆದರೆ ಆ ಹೆಂಗಸು ಮೂರು ಅಂದ್ಮೇಲೆ ಹೇಗೆ ಅಳಿಸೋದು? ನೀವೇ ಅಳಿಸ್ತೀರೇನೋ ಅಂತ ಕಾಯ್ತಿದ್ದೆ."

ನನ್ನ ಹೆಂಡತಿಯ ತಂಗಿ ಈಗ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಶ್ರೀಧರ ಪೇಟೆಯ ಶಾಲೆಯಲ್ಲೇ ಬೆಂಚಿಗೆ ಆರನೆಯವನಾಗಿ ಕೂತಿದ್ದಾನೆ. ಅವನಿಗೆ ನಾನು ಮಾಡಿದ್ದು ಸರಿಯೇ? ಗೊತ್ತಿಲ್ಲ. ಭಾನುವಾರಗಳಲ್ಲಿ ಕರೆಸಿಕೊಂಡು ಲೆಕ್ಕ ಹೇಳಿಕೊಡುತ್ತಿದ್ದೇನೆ. ಬಂದಾಗೆಲ್ಲ ಮುಖ ಊದಿಸಿಕೊಂಡೇ ಬರುತ್ತಾನೆ. ಸಹಿಸಿಕೊಳ್ಳಬೇಕು.

ಮೀಟಿಂಗಿನ ಮಾರನೆಯ ದಿನವೇ, ಸೋಮವಾರ, ಅಡ್ಮಿಷನ್. ನಾನು ಸೆಕ್ರೆಟರಿಯೆಂದು ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಹನುಮಕ್ಕ ಮಗಳನ್ನು ಕರೆದುಕೊಂಡು ಬಂದಳು. ಜಯಮ್ಮ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದ್ದಳು. ಮೇಜಿನ ಮೇಲಿದ್ದ ಗ್ಲೋಬಿನಿಂದ ಕಣ್ಣು ತೆಗೆಯಲಿಲ್ಲ. ಅವಳಪ್ಪನೂ ಬಂದಿದ್ದ. ಒಳಗೆ ಬಾರದೆ ಬಾಗಿಲ ಹೊರಗೇ ನಿಂತು, ಕಾಲಿನ ಹೆಬ್ಬೆರಳಿನಿಂದ ನೆಲದ ಮಣ್ಣು ಕೆದಕಿ ನೋಡುತ್ತಿದ್ದ.

ಹೆಡ್‌ಮಾಸ್ಟರು ರಿಜಿಸ್ಟರು ತೆಗೆದು ಪೆನ್ನು ಹಿಡಿದರು. ಹೆಸರು ಬರೆದರು. ತಂದೆಯ ಹೆಸರು ಬರೆದರು. ಮನೆ ನಂಬರು ಕೇಳಿದರು. ನಂಬರಿಲ್ಲ ಸಾಮಿ, ಮಾರಮ್ಮನ ಗುಡಿ ಹಿಂದುಗಡೆ ಮನೆ ಎಂದಳು. ಹಾಗೆಯೇ ಬರೆದುಕೊಂಡರು. ಆಮೇಲೆ ಎಲ್ಲರನ್ನೂ ಕೇಳುವಂತೆ ಅವಳನ್ನೂ ಕೇಳಿದರು.

"ಇಲ್ಲಿ ಎಷ್ಟು ವರ್ಷದಿಂದ ವಾಸ ಅಮ್ಮಾ?"

ಹನುಮಕ್ಕ ಯೋಚನೆ ಮಾಡಿದಳು. ಗಂಡನ ಕಡೆ ನೋಡಿದಳು. ಅವನಿಗೂ ತಿಳಿಯಲಿಲ್ಲ.

"ನಾವು ಯಾವತ್ತು ಬಂದ್ವಿ ಅಂತ ಯಾರಿಗ್ ಗೊತ್ತು ಸಾಮಿ? ನೀವೆಲ್ಲ ಯಾವತ್ತು ಬಂದ್ರಿ ಅಂತ ಬೇಕಾರೆ ಹೇಳ್ತೀನಿ, ಬರ್ಕೊಳಿ."