ನಲ್ಲಿಯ ಮುಂದಿನ ಸಾಲು

ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ರಸ್ತೆಗಳೇ ಹೆಚ್ಚು. ಐವತ್ತರ ದಶಕದ ಮೊದಲ ವರ್ಷಗಳು. ನನಗೆ ಒಂಬತ್ತೋ ಹತ್ತೋ ವಯಸ್ಸು. ಬೆಳಗಿನ ಮಂಜಿನಲ್ಲಿ ಕೊಡ ಹಿಡಿದು ಹೊರಟರೆ ರಸ್ತೆ ಎಲ್ಲಿಗೋ ಹೋಗಿ ಸುಮ್ಮನೆ ನಿಂತುಬಿಡುತ್ತಿತ್ತು. ಅದರಾಚೆ ರಾಗಿ ಹೊಲ. ನಿನ್ನೆ ಬಯಲಿದ್ದ ಕಡೆ ಇವತ್ತು ಒಂದು ಗೋಡೆ, ಗೋಡೆಯ ಹಿಂದೆ ಯಾರೋ ತಮಿಳಿನಲ್ಲಿ ಮಗುವನ್ನು ಸಮಾಧಾನ ಮಾಡುವ ದನಿ. ಎದ್ದು ಬಂದಿದ್ದೇನೋ, ಇನ್ನೂ ಚಾಪೆಯ ಮೇಲೇ ಇದ್ದೇನೋ ಎಂದು ಎಷ್ಟೋ ದಿನ ನನಗೆ ಅನುಮಾನ ಬರುತ್ತಿತ್ತು.

ನಾವು ಒಂದು ಮೈಲಿ ಆಚೆಯ ಹಳ್ಳಿಯ ಒಕ್ಕಲು ಮನೆಯವರು. ಅಪ್ಪನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಬಡಾವಣೆಗೆ ಬಂದಿದ್ದೆವು. ಹಳ್ಳಿಯ ಬಾವಿಯ ಹತ್ತಿರ ಯಾರು ಹೋಗಬಹುದು, ಯಾರು ದೂರ ನಿಂತು ಬೇರೆಯವರು ಸೇದಿ ಹುಯ್ಯುವವರೆಗೆ ಕಾಯಬೇಕು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಡಾವಣೆಯ ಬೀದಿ ನಲ್ಲಿಗೆ ಅದ್ಯಾವುದೂ ತಿಳಿಯದು. ಕೋಲಾರದವರು, ಸೇಲಂ ಕಡೆಯವರು, ಮಂಡ್ಯದವರು. ಯಾರು ಯಾರ ಪೈಕಿ ಎಂಬ ಗುರುತೇ ಇಲ್ಲದ ಮೇಲೆ ಯಾರಿಗೆ ಯಾರು ದಾರಿ ಬಿಡುತ್ತಾರೆ? ಯಾರ ಕೊಡ ಮುಂದಿದೆಯೋ ಅವರಿಗೆ ನೀರು.

ಒಬ್ಬಳ ಗುರುತು ಮಾತ್ರ ನನಗಿತ್ತು. ನಮ್ಮದೇ ಹಳ್ಳಿಯ ಹುಡುಗಿ, ಬಾವಿಯಿಂದ ದೂರ ನಿಲ್ಲುತ್ತಿದ್ದ ಕೇರಿಯವಳು. ಅವಳಪ್ಪನೂ ಕಾರ್ಖಾನೆ ಸೇರಿದ್ದ. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದಳು. ಲೆಕ್ಕದಲ್ಲಿ ಚುರುಕು, ಮೇಷ್ಟ್ರನ್ನು ಅಣಕಿಸಿ, ನನ್ನನ್ನು ನಗಿಸಿ, ಏಟು ತಿನ್ನಿಸುವುದರಲ್ಲಿ ಇನ್ನೂ ಚುರುಕು. ನನಗೆ ಅವಳೆಂದರೆ ಪ್ರಾಣ. ದಿನಾ ನನಗಿಂತ ಮೊದಲೇ ಬಂದು ನಲ್ಲಿಯ ಕೆಳಗೆ ಕೊಡ ಇಟ್ಟಿರುತ್ತಿದ್ದಳು.

ಮನೆಗೆ ಬಂದರೆ ಅವ್ವನ ಪ್ರಶ್ನೆ ತಪ್ಪುತ್ತಿರಲಿಲ್ಲ. “ನಿನ್ ಮುಂದೆ ಯಾರು ಹಿಡಿದ್ರು?”

“ಯಾರೋ ತಮಿಳ್ರು ಕಣವ್ವ.”

ನಿಜ ಹೇಳಿದರೆ ಅವ್ವ ಆ ನೀರು ಮುಟ್ಟುವುದಿಲ್ಲ, ಹಳ್ಳಿ ಬಾವಿಗೇ ಹೋಗು ಅನ್ನುತ್ತಾಳೆ ಎಂದು ನನ್ನ ಭಯ. ಅವಳು ಬಸುರಿ, ಹೊರುವವಳು ನಾನೇ. ಅಷ್ಟು ದೂರ ಹೋಗಿ ಬರುವಷ್ಟರಲ್ಲಿ ಶಾಲೆಯ ಗಂಟೆ ಹೊಡೆದಿರುತ್ತಿತ್ತು. ಹೆಣ್ಣುಮಗಳ ಓದು ನಿಲ್ಲಿಸಲು ಆಗ ಅಷ್ಟು ನೆಪ ಸಾಕಿತ್ತು. ಹಾಗಾಗಿ ಗೆಳತಿಯನ್ನು ತಿಂಗಳುಗಟ್ಟಲೆ ತಮಿಳರ ಮನೆಯವಳನ್ನಾಗಿ ಮಾಡಿದೆ.

ಒಂದು ಬೆಳಿಗ್ಗೆ ಅವ್ವನೂ ನನ್ನ ಜೊತೆ ಹೊರಟಳು. ನಡೆದಾಡಿದರೆ ಹೆರಿಗೆ ಸಲೀಸು ಎಂದು ಯಾರೋ ಹೇಳಿದ್ದರಂತೆ. ಮಂಜಿನಲ್ಲಿ ಹೆಂಗಸರು ಅರ್ಧರ್ಧ ಕಾಣುತ್ತಿದ್ದರು. ನೀರಿಗೆ ಮುಂಚೆ ಬರುವ ಗಾಳಿ ನಲ್ಲಿಯಲ್ಲಿ ಸುಂಯ್ ಎನ್ನುತ್ತಿತ್ತು. ಗೆಳತಿ ನನ್ನನ್ನು ಕಂಡು ಹಲ್ಲು ಬಿಟ್ಟಳು.

“ಬಾರೇ, ನಿನ್ ಕೊಡಾನೂ ಇಲ್ಲೇ ಇಡು.”

ಅವ್ವ ಅವಳನ್ನು ನೋಡಿದಳು, ಆಮೇಲೆ ನನ್ನನ್ನು. “ಇವ್ಳು ನಿಂಗೆ ಗೊತ್ತೇನೇ?”

“ಇಲ್ಲವ್ವ,” ಅಂದೆ. “ಯಾರೋ ಏನೋ.”

ಗೆಳತಿಯ ನಗು ನಿಧಾನವಾಗಿ ಮುಖದಿಂದ ಇಳಿಯಿತು. ನೀರು ಬಂತು. ಅವಳ ಕೊಡ ತುಂಬುವ ಸದ್ದು ಕೇಳುತ್ತಾ ನಾನು ಅವ್ವನ ಬೈಗುಳಕ್ಕೆ ಕಾದು ನಿಂತೆ. ಅವ್ವ ಸೊಂಟ ಹಿಡಿದುಕೊಂಡು ಪಕ್ಕದ ಕಲ್ಲಿನ ಮೇಲೆ ಕೂತಳು.

“ಬೇಗ ಹಿಡ್ಕೊಳವ್ವ, ನಮ್ಗೂ ಹೊತ್ತಾಯ್ತದೆ,” ಎಂದು ಗೆಳತಿಗೆ ಅಂದಳು.

ಅಷ್ಟೇ. ಗೆಳತಿಯ ಕೊಡ ಎದ್ದಮೇಲೆ ಅವ್ವ ಹಳೆಯ ಅಭ್ಯಾಸಕ್ಕೆ ನಲ್ಲಿಯ ಮೂತಿಗೆ ಒಂದು ಬೊಗಸೆ ನೀರು ಹುಯ್ದು ನಮ್ಮ ಕೊಡ ಇಟ್ಟಳು. ದಾರಿಯಲ್ಲಿ ನನ್ನನ್ನು ಕೇಳಿದಳು, “ಆ ಮೂಗು ನೋಡಿದ್ರೇ ತಿಳೀತದೆ ಯಾರ ಮಗ್ಳು ಅಂತ. ನೀನ್ಯಾಕೆ ಗೊತ್ತಿಲ್ಲ ಅಂದೆ?” ಅದೇ ನೀರಿನಲ್ಲಿ ಅವತ್ತು ಮುದ್ದೆಗೆ ಎಸರಿಟ್ಟಳು.

ನಾಚಿಕೆಯಾಗಿ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಶಾಲೆಗೆ ಓಡಿದೆ. ಗೆಳತಿ ಮುಂದಿನ ಸಾಲಿನಲ್ಲಿ ಬೇರೆ ಹುಡುಗಿಯ ಪಕ್ಕ ಕೂತಿದ್ದಳು. ಹಿಂದಿನಿಂದ ಮೆಲ್ಲಗೆ ಜಡೆ ಎಳೆದೆ. ತಿರುಗಿ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

“ಯಾರೇ ಅದು?” ಎಂದು ಪಕ್ಕದವಳು ತಲೆ ಎತ್ತದೆ ಬರೆಯುತ್ತಲೇ ಕೇಳಿದಳು.

“ನಂಗೊತ್ತಿಲ್ಲ,” ಅಂದು ಅವಳು ಸ್ಲೇಟಿನ ಕಡೆ ತಿರುಗಿಕೊಂಡಳು.